ಭಾವನ ಆರು ತಂತಿಗೆ ನಾನು ಹುಡುಕಿದ ಆ್ಯಪ್

ನಮ್ಮ ಭಾವ ಬೆಳಿಗ್ಗೆ ಎದ್ದು ಮುಖ ತೊಳೆದ ಮೇಲೆ, ಟೀ ಬಾಯಿಗಿಡುವ ಮೊದಲು, ಗಿಟಾರಿಗೆ ಶ್ರುತಿ ಮಾಡುತ್ತಾರೆ. ನುಡಿಸುವುದೇನಿದ್ದರೂ ಸಂಜೆಗೆ. ಅದೂ ಸ್ವಲ್ಪ ಹೊತ್ತು. ಆದರೆ ಬೆಳಗಿನ ಶ್ರುತಿ ತಪ್ಪಿದ್ದನ್ನು ನಾನು ಕಂಡಿಲ್ಲ. ಜ್ವರ ಬಂದರೆ ದಿಂಬಿಗೆ ಒರಗಿಕೊಂಡೇ ತಂತಿ ಬಿಗಿಯುವ ಬಿರಡೆ ತಿರುಗಿಸುತ್ತಾರೆ. ಮನೆ ಬದಲಿಸಿದ ದಿನ ಸಾಮಾನೆಲ್ಲ ಲಾರಿ ಏರಿದ ಮೇಲೂ ಖಾಲಿ ಕೋಣೆಯ ನೆಲದ ಮೇಲೆ ಕುಳಿತು ಟೊಂಯ್ ಟೊಂಯ್ ಎನ್ನಿಸುತ್ತಿದ್ದರು. ಕೆಳಗಿನಿಂದ ಲಾರಿಯವನು ಹಾರ್ನ್ ಹೊಡೆದ. "ಅವನದೂ ಶ್ರುತಿ ಸರಿಯಿಲ್ಲ" ಅಂದರು ಭಾವ.

"ಹಲ್ಲುಜ್ಜೋದನ್ನಾದ್ರೂ ಒಂದೊಂದಿನ ಮರೀತಾರೆ, ಇದನ್ನ ಮಾತ್ರ ಮರೆಯಲ್ಲ" ಎಂದು ಅಕ್ಕ ಹೇಳುತ್ತಿರುತ್ತಾಳೆ.

ನಾನು ಅವರ ಜೊತೆಗೇ ಇರುವವಳು, ಬಾಲ್ಕನಿ ಪಕ್ಕದ ಸಣ್ಣ ಕೋಣೆಯಲ್ಲಿ. ನನ್ನ ಬೆಳಗಿನ ಪ್ರಾರ್ಥನೆಯೂ ಅದೇ ಹೊತ್ತಿಗೆ. ಗೋಡೆಯ ಆಚೆ ಅವರು ಮೊದಲ ತಂತಿ ಮೀಟಿದಾಗ ನಾನು ಕಣ್ಣು ಮುಚ್ಚುತ್ತೇನೆ, ಕೊನೆಯ ದಪ್ಪ ತಂತಿ ಹದಕ್ಕೆ ಬಂದಾಗ ಕಣ್ಣು ಬಿಡುತ್ತೇನೆ. ಇಷ್ಟು ವರ್ಷ ದೇವರಿಗೆ ನನ್ನ ಮಾತಿಗಿಂತ ಆ ಟೊಂಯ್ ಟೊಂಯ್ ಸದ್ದೇ ಹೆಚ್ಚು ಕೇಳಿಸಿರಬೇಕು. ನಾನು ಬೇಡಿದ್ದು ಒಂದೂ ಸಿಗದೆ, ಬೇಡದ್ದೆಲ್ಲ ಸಿಕ್ಕಿರುವುದಕ್ಕೆ ಅದೇ ಕಾರಣವಿದ್ದರೂ ಇರಬಹುದು.

ಭಾವನ ಕೆಲಸ ಲಿಫ್ಟ್ ರಿಪೇರಿ. ನೀಲಿ ಅಂಗಿ, ಗ್ರೀಸ್ ವಾಸನೆಯ ಚೀಲ. ಯಾವುದಾದರೂ ಕಟ್ಟಡದ ಲಿಫ್ಟ್ ಕೆಟ್ಟರೆ ಅವರು ಒಳಗೆ ನಿಂತು ಕಣ್ಣು ಮುಚ್ಚಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಾರೆ. ಜೊತೆಗಿದ್ದವರು ಈ ಮನುಷ್ಯನಿಗೆ ನಿದ್ದೆ ಬಂದಿದೆ ಅಂದುಕೊಳ್ಳುತ್ತಾರೆ. ಆಮೇಲೆ ಅವರು ಕಣ್ಣು ತೆರೆದು, "ಬಾಗಿಲಿನ ಗಾಲಿ ಸವೆದಿದೆ" ಎನ್ನುತ್ತಾರೆ. ಒಂದೊಂದು ಸಲ ಸರಿಯಾಗಿರುತ್ತದೆ. ಇನ್ನೊಂದೊಂದು ಸಲ ಗಾಲಿಯನ್ನೆಲ್ಲ ಬದಲಿಸಿದ ಮೇಲೆ ಯಾರೋ ಸಂದಿಯಲ್ಲಿ ಬೀಳಿಸಿದ್ದ ಚಮಚ ಸಿಗುತ್ತದೆ.

ಗಿಟಾರ್ ಸಿಕ್ಕಿದ್ದೂ ಆ ಕೆಲಸದಲ್ಲೇ. ಮದುವೆಗೆ ಮುಂಚೆ, ಒಂದು ಕಟ್ಟಡದ ಮೇಲೆ ಲಿಫ್ಟಿನ ಮೋಟಾರ್ ಇರುವ ಕೋಣೆಯಲ್ಲಿ ಯಾರೋ ಬಿಟ್ಟುಹೋದ ಗಿಟಾರ್ ಗೋಡೆಗೆ ಒರಗಿಕೊಂಡಿತ್ತಂತೆ. ಕಾವಲಿನವನು, "ತಗೊಂಡು ಹೋಗಿ ಮಾರಾಯ್ರೆ, ಜಾಗ ಖಾಲಿಯಾಗುತ್ತೆ" ಅಂದ. ಅದರ ಮೇಲೆ ಆರು ತಂತಿಗಳೂ ಇದ್ದವು. ಭಾವ ಅಲ್ಲೇ ಕುಳಿತು ಒಂದೊಂದನ್ನೇ ಮೀಟಿ ನೋಡಿದರು. ದಪ್ಪ ತಂತಿಯ ಸದ್ದು ಪಕ್ಕದಲ್ಲಿ ಗುಂಯ್ ಎನ್ನುತ್ತಿದ್ದ ಮೋಟಾರಿನ ಸದ್ದಿಗೆ ಸರಿಯಾಗಿ ಹೊಂದಿಕೊಂಡಿತು. ಹೊಂದಿಕೊಂಡ ಮೇಲೆ ಸರಿಯಾಗಿರಲೇಬೇಕು ಎಂದು ಅವರು ಆ ಆರು ಸದ್ದುಗಳನ್ನೂ ಕಿವಿಯಲ್ಲಿ ಭದ್ರವಾಗಿ ಇಟ್ಟುಕೊಂಡು ಮನೆಗೆ ಬಂದರು. ಗುರುಗಳಿಲ್ಲ, ಜೊತೆಗೆ ನುಡಿಸುವವರಿಲ್ಲ. ಒಂದು ತೆಳ್ಳನೆ ಪುಸ್ತಕ ನೋಡಿ ಟ್ಯಾಬ್ಲೇಚರ್ ಬರೆಯುವುದನ್ನು ಕಲಿತರು. ಅದು ಕಷ್ಟದ್ದೇನಲ್ಲ, ನನಗೇ ಅರ್ಥವಾಗಿದೆ ಎಂದ ಮೇಲೆ ಯಾರಿಗಾದರೂ ಆಗುತ್ತದೆ. ಆರು ಗೆರೆ ಎಂದರೆ ಆರು ತಂತಿ. ಗೆರೆಯ ಮೇಲೆ ಬರೆದ ಅಂಕಿ, ಗಿಟಾರಿನ ಕೊರಳಿನ ಮೇಲೆ ಎಷ್ಟನೆಯ ಮನೆಯಲ್ಲಿ ಬೆರಳು ಒತ್ತಬೇಕು ಎಂದು ಹೇಳುತ್ತದೆ. ಸೊನ್ನೆ ಬರೆದಿದ್ದರೆ ಬೆರಳಿಡದೆ ತಂತಿಯನ್ನು ಸುಮ್ಮನೆ ಮೀಟಬೇಕು.

ಭಾವ ತಾವೇ ಕಟ್ಟಿದ ಹಾಡು ಒಂದೇ ಒಂದು. ಪದಗಳಿಲ್ಲ, ಹೆಸರಿಲ್ಲ. ಅಕ್ಕ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಟಕಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಸಣ್ಣ ಕಂಡಿಯಲ್ಲಿ ಜನರ ಬೈಗುಳ ಕೇಳಿ ಸಂಜೆ ಮನೆಗೆ ಬರುತ್ತಾಳೆ. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತ ಸದ್ದು ಕೇಳಿದ ಕೂಡಲೆ ಭಾವ ಶುರು ಮಾಡುತ್ತಾರೆ. ಅವಳು ಬಾಗಿಲು ತೆಗೆಯುವ ಹೊತ್ತಿಗೆ ಹಾಡು ಒಂದು ಜಾಗಕ್ಕೆ ಬಂದು ದಪ್ಪ ತಂತಿಯನ್ನು ಮೀಟಿ ನಿಲ್ಲುತ್ತದೆ. ಅಕ್ಕ ಹೆಗಲಿನ ಚೀಲ ಇಳಿಸಿ ನೆಲಕ್ಕಿಡುತ್ತಾಳೆ. ಅಲ್ಲಿಯವರೆಗೂ ಆ ಒಂದು ತಂತಿ ಗುಂಯ್ ಎನ್ನುತ್ತಿರುತ್ತದೆ. ಚೀಲ ಇಳಿದ ಮೇಲೆ ಹಾಡು ಸ್ವಲ್ಪ ಕುಣಿಯುತ್ತಾ ಮುಂದಕ್ಕೆ ಹೋಗುತ್ತದೆ. ಅಕ್ಕ ಇಷ್ಟು ವರ್ಷದಲ್ಲಿ ಅದರ ಬಗ್ಗೆ ಆಡಿರುವ ಮಾತು ಒಂದೇ: "ಟೀಗೆ ಇಟ್ಟಿದ್ದೀರಾ, ಇಲ್ಲ ಬರೀ ಇದೇನಾ?"

ನಮ್ಮ ಮನೆಯಲ್ಲಿ ಭಾವನ ಕಿವಿ ಎಂದರೆ ಕೋರ್ಟಿನ ತೀರ್ಪು ಇದ್ದಂತೆ. ಎಲ್ಲೇ ಗಿಟಾರ್ ಕೇಳಿದರೂ ಅವರು ಮುಖ ಸಣ್ಣದು ಮಾಡಿಕೊಂಡು, "ಪಾಪ, ಶ್ರುತಿ ಇಲ್ಲ" ಎನ್ನುತ್ತಿದ್ದರು. ನಾನೂ ತಲೆಯಾಡಿಸಿ ಪಾಪ ಎನ್ನುತ್ತಿದ್ದೆ. ಅವರ ಕಂಪನಿಯ ಕೂಟವೊಂದಕ್ಕೆ ಒಬ್ಬ ಗಿಟಾರಿನವನನ್ನು ಕರೆಸಿದ್ದರು. ಅವನು ಊಟಕ್ಕೆ ಎದ್ದುಹೋದಾಗ ಭಾವ ವೇದಿಕೆ ಹತ್ತಿ ಅವನ ಗಿಟಾರಿನ ಬಿರಡೆ ತಿರುಗಿಸಿ 'ಸರಿ' ಮಾಡಿದರು. ನಾನು ಅದರ ಕೊರಳು ಅಲುಗಾಡದಂತೆ ಹಿಡಿದುಕೊಂಡಿದ್ದೆ. ಏನೋ ದೊಡ್ಡ ಸೇವೆ ಮಾಡುತ್ತಿದ್ದೇನೆ ಎಂಬ ಭಾವನೆ ಬೇರೆ. ಅವನು ಬಾಯಿ ಒರೆಸಿಕೊಂಡು ಬಂದು ಮೊದಲ ಸಲ ತಂತಿಗಳ ಮೇಲೆ ಕೈ ಎಳೆದಾಗ, ತನ್ನ ಮನೆಗೇ ಬಂದು ಬೀಗ ತೆಗೆಯಲಾಗದೆ ನಿಂತವನಂತಿತ್ತು ಅವನ ಮುಖ. ಭಾವ ದೂರದಿಂದಲೇ ಕೈ ಎತ್ತಿ, "ಪರವಾಗಿಲ್ಲ ಬಿಡಪ್ಪ" ಎಂದು ಸನ್ನೆ ಮಾಡಿದರು, ಅವನು ಕೃತಜ್ಞತೆ ಹೇಳಲು ಹುಡುಕುತ್ತಿದ್ದಾನೆ ಅನ್ನುವ ಹಾಗೆ.

ಇಂಥ ಭಾವನ ಉಂಗುರದ ಬೆರಳು ಈ ವರ್ಷ ಕೈಕೊಟ್ಟಿತು. ಮಡಚಿದರೆ ಮಡಚಿಕೊಂಡೇ ಇರುತ್ತದೆ, ಆಮೇಲೆ ಟಕ್ ಎಂದು ಬಿಡಿಸಿಕೊಳ್ಳುತ್ತದೆ. "ಸೆನ್ಸರ್ ಹೋದ ಲಿಫ್ಟ್ ಬಾಗಿಲಿನ ಥರ" ಎಂದು ಅವರೇ ಎಲ್ಲರಿಗೂ ಮಾಡಿ ತೋರಿಸುತ್ತಿದ್ದರು. ಸ್ಪ್ಯಾನರ್ ಹಿಡಿದು ಹಿಡಿದು ಹೀಗಾಗಿದೆ, ಸಣ್ಣ ಆಪರೇಷನ್ ಮಾಡಬಹುದು, ಆದರೆ ವಾದ್ಯಕ್ಕೆ ಬೇಕಾದ ಚುರುಕು ವಾಪಸ್ ಬರುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರು. ಭಾವ ನಗುತ್ತಲೇ ಕೇಳಿಕೊಂಡು ಬಂದರು. ಅಕ್ಕ ಕೆಲಸಕ್ಕೆ ಹೋದ ಮೇಲೆ ನನ್ನ ಕೋಣೆಯ ಬಾಗಿಲಲ್ಲಿ ನಿಂತರು.

"ನೋಡಮ್ಮ, ಆ ಒಂದು ಹಾಡನ್ನ ಬರೆದಿಡಬೇಕು. ಸರಿಯಾಗಿ. ನನ್ನ ಬೆರಳು ಹೋದ ಮೇಲೂ ಅವಳು ಬಾಗಿಲು ತೆಗೆದಾಗ ಅದು ಕೇಳಬೇಕು. ಯಾರಾದ್ರೂ ನುಡಿಸಲಿ, ಇಲ್ಲ ಮಿಷಿನ್ನೇ ನುಡಿಸಲಿ."

"ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಆಗಲ್ವಾ ಭಾವ?"

"ಮಾಡಿದೆ. ಬೆರಳು ಈಗಲೇ ಮೂರು ಕಡೆ ಮುಗ್ಗರಿಸುತ್ತೆ. ಆ ಮುಗ್ಗರಿಸೋದೂ ರೆಕಾರ್ಡ್ ಆಗಿದೆ. ಅವಳಿಗೆ ದಿನಾ ನನ್ನ ಬೆರಳಿನ ಕಾಯಿಲೆ ಕೇಳಿಸಲಾ?"

ಕಂಪನಿಯವರು ಹೊಸದು ಬಂದ ಮೇಲೆ ಹಳೆಯ ಟ್ಯಾಬ್ಲೆಟ್ ಒಂದನ್ನು ಅವರಿಗೇ ಬಿಟ್ಟಿದ್ದರು. ಮೂಲೆಯಲ್ಲಿ ಗಾಜು ಬಿರುಕು ಬಿಟ್ಟಿತ್ತು, ಬೆನ್ನಿಗೆ ಕಂಪನಿಯ ಚೀಟಿ ಅಂಟಿಕೊಂಡಿತ್ತು. ಅದರಲ್ಲಿ ಸಂಗೀತ ಬರೆಯುವ ಆ್ಯಪ್ ಹಾಕಿಕೊಳ್ಳಬಹುದಂತೆ. ಯಾವುದನ್ನು ಹಾಕಬೇಕು ಎಂದು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನನಗೇಕೆ ಎಂದರೆ, ಅದಕ್ಕೊಂದು ಹಿನ್ನೆಲೆಯಿದೆ. ನಾನು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯೊಂದರ ಕೌಂಟರಿನಲ್ಲಿ ಕೂರುವವಳು. ಒಮ್ಮೆ ಅಕ್ಕ ಅಲ್ಲಿಗೆ ಬಂದಿದ್ದಾಗ ಗಿರಾಕಿಯೊಬ್ಬರ ಫೋನ್ ಪರದೆ ತಲೆಕೆಳಗಾಗಿ ನಿಂತುಬಿಟ್ಟಿತ್ತು. ನಾನು ಏನೋ ಒತ್ತಿದೆ, ಅದು ನೆಟ್ಟಗಾಯಿತು. ಏನು ಒತ್ತಿದೆನೆಂದು ಇವತ್ತಿಗೂ ಗೊತ್ತಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಕರೆಂಟಿನಿಂದ ಉರಿಯುವ ಯಾವ ವಸ್ತು ಕೆಟ್ಟರೂ "ಅವಳನ್ನ ಕೇಳಿ" ಎಂದಾಗಿದೆ. ನಾನೂ ಇಲ್ಲ ಎನ್ನಲಿಲ್ಲ. ಹೊಗಳಿಕೆ ತಪ್ಪು ವಿಳಾಸಕ್ಕೆ ಬಂದರೂ ಬಾಗಿಲು ತೆಗೆದು ಇಸಿದುಕೊಳ್ಳುವ ಸ್ವಭಾವ ನನ್ನದು.

ಮೊದಲ ಆ್ಯಪನ್ನು ನಾನು ಆರಿಸಿದ್ದು ಅದರ ಚಿತ್ರ ಚೆನ್ನಾಗಿತ್ತು ಎಂದು. ನೇರಳೆ ಬಣ್ಣ, ನಡುವೆ ಚಿನ್ನದ ಗರಿ. ಕೆಳಗೆ ತುಂಬ ನಕ್ಷತ್ರಗಳಿದ್ದವು. ಕಣ್ಣು ಮುಚ್ಚಿ ದೇವರನ್ನು ನೆನೆದೇ ಒತ್ತಿದೆ. ಇಂಥದಕ್ಕೆಲ್ಲ ಅವನನ್ನು ಕರೆಯಬಾರದು ಎಂದು ಗೊತ್ತು, ಆದರೂ ಕರೆದೆ. ತೆರೆದು ನೋಡಿದರೆ ಐದು ಗೆರೆ, ಅದರ ಮೇಲೆ ಬಾಲವಿರುವ ಕಪ್ಪು ಮೊಗ್ಗುಗಳು.

ಭಾವ ಕನ್ನಡಕ ಏರಿಸಿ ನೋಡಿದರು. "ನನ್ನ ಹತ್ರ ಆರು ತಂತಿ ಇದೆ. ಇದರಲ್ಲಿ ಐದೇ ಇದೆಯಲ್ಲ."

"ಒಂದು ಒಳಗಡೆ ಇರಬಹುದು ಭಾವ" ಎಂದೆ. ತಜ್ಞರು ಗೊತ್ತಿಲ್ಲ ಎನ್ನಬಾರದಲ್ಲ. ಆರನೆಯ ಗೆರೆಗಾಗಿ ಆ ಸಂಜೆಯೆಲ್ಲ ಹುಡುಕಿದೆವು. ಆಮೇಲೆ ಗೊತ್ತಾಯಿತು, ಅದು ಓದಲು ಕಲಿತವರ ಸಂಗೀತ ಲಿಪಿ, ಅದರಲ್ಲಿ ಟ್ಯಾಬ್ಲೇಚರ್ ಇರುವುದೇ ಇಲ್ಲ.

ಎರಡನೆಯದರಲ್ಲಿ ಆರು ಗೆರೆ ಇದ್ದವು. ಆದರೆ ಅದು ಬಲು ಕಟ್ಟುನಿಟ್ಟು. ಒಂದೊಂದು ಖಾನೆಗೂ ಇಷ್ಟೇ ತಾಳ ಎಂದು ಲೆಕ್ಕ. ದಪ್ಪ ತಂತಿ ಮೀಟಿ ಅಕ್ಕನಿಗಾಗಿ ಕಾಯುವ ಜಾಗ ಬಂದಾಗ ಅದು ಇಡೀ ಖಾನೆಯನ್ನು ಕೆಂಪು ಮಾಡಿತು. ಅಳಿಸಿ ಬರೆದೆವು. ಮತ್ತೆ ಕೆಂಪು.

"ಹೆಚ್ಚು ಜನ ಹತ್ತಿದ್ರೆ ಲಿಫ್ಟೂ ಹೀಗೇ ಮಾಡುತ್ತೆ" ಅಂದರು ಭಾವ, ಯಂತ್ರದ ಪಕ್ಷ ವಹಿಸಿ. "ಯಾರನ್ನಾದ್ರೂ ಇಳಿಸಬೇಕು."

"ಯಾರನ್ನ ಇಳಿಸೋಣ ಭಾವ? ಅಲ್ಲಿರೋದು ಅಕ್ಕ ಒಬ್ಬಳೇ."

ಅಕ್ಕ ಬಟ್ಟೆ ಮಡಚುತ್ತಾ, "ನನ್ನನ್ನೇನು ಇಳಿಸ್ತೀರಿ? ಇಳಿಯೋ ಹಾಗಿದ್ರೆ ಯಾವತ್ತೋ ಇಳೀತಿದ್ದೆ" ಎಂದಳು. ಅಷ್ಟರಲ್ಲಿ ಪರದೆಯ ತುಂಬ ತರಕಾರಿ ಕತ್ತರಿಸುವ ಆಟದ ಜಾಹೀರಾತು ಬಂದು ಕುಳಿತಿತು. ಅದನ್ನು ಓಡಿಸಲು ಹೋಗಿ ನಾನು ಆಟವನ್ನೇ ಇಳಿಸಿಕೊಂಡೆ. ಸತ್ಯ ಹೇಳಬೇಕೆಂದರೆ ಒಂದೆರಡು ದಿನ ಕೌಂಟರಿನಲ್ಲಿ ಕುಳಿತು ತರಕಾರಿಯನ್ನೂ ಕತ್ತರಿಸಿದೆ.

ಮೂರನೆಯದು ಒಳ್ಳೆಯದಿತ್ತು. ನೋಡಲು ಮಂಕಾಗಿತ್ತು, ಅದಕ್ಕೇ ಮೊದಲು ಅದನ್ನು ದಾಟಿ ಹೋಗಿದ್ದೆ. ಆರು ಗೆರೆ, ಭಾವನ ಕನ್ನಡಕಕ್ಕೂ ಕಾಣುವಷ್ಟು ದೊಡ್ಡ ಅಂಕಿಗಳು. ನೆಟ್ ಇಲ್ಲದಿದ್ದರೂ ನಡೆಯುತ್ತಿತ್ತು. ಕಾಯಬೇಕಾದ ಜಾಗದಲ್ಲಿ ಕಾಯಲು ಒಂದು ಗುರುತಿತ್ತು. ಬರೆದದ್ದನ್ನು ತಾನೇ ನುಡಿಸಿ ಕೇಳಿಸುತ್ತಿತ್ತು. ಆದರೆ ಪೂರ್ತಿ ಬರೆಯುವವರೆಗೂ ಕೇಳುವುದು ಬೇಡ ಅಂದರು ಭಾವ. ಅರ್ಧ ಜೋಡಿಸಿದ ಲಿಫ್ಟಿನಲ್ಲಿ ಯಾರಾದರೂ ಹತ್ತುತ್ತಾರೆಯೇ ಎಂಬುದು ಅವರ ವಾದ.

ಸಂಜೆ ಸಂಜೆ ಕುಳಿತೆವು. ಭಾವ ಗಿಟಾರ್ ಹಿಡಿದು ನಿಧಾನವಾಗಿ ಬೆರಳಿಟ್ಟು, "ಎರಡನೇ ತಂತಿ, ಮೂರು. ನಾಲ್ಕನೇ ತಂತಿ, ಸೊನ್ನೆ" ಎಂದು ಹೇಳುತ್ತಿದ್ದರು. ನಾನು ಒತ್ತುತ್ತಿದ್ದೆ. ಬೆರಳು ಸಿಕ್ಕಿಕೊಂಡಾಗ ಅವರು ಇನ್ನೊಂದು ಕೈಯಿಂದ ಅದನ್ನು ಬಿಡಿಸಿ, ಏನೂ ಆಗಿಲ್ಲವೆಂಬಂತೆ ಮುಂದಿನ ಅಂಕಿ ಹೇಳುತ್ತಿದ್ದರು. ನಾನೂ ಪರದೆಯಿಂದ ಕಣ್ಣೆತ್ತುತ್ತಿರಲಿಲ್ಲ. ಬೇಸರ ಬಂದರೆ ಗಿಟಾರನ್ನು ನನ್ನ ಕೈಗೆ ಕೊಟ್ಟು, "ಹೇಳಿದ್ದನ್ನ ನೀನೇ ಒತ್ತಿ ನೋಡು" ಎನ್ನುತ್ತಿದ್ದರು. ಹ್ಯಾಂಗರ್ ಹಿಡಿದು ಅಭ್ಯಾಸವಿರುವ ನನ್ನ ಕೈ ಗಿಟಾರನ್ನೂ ಎಲ್ಲಿಗೋ ತೂಗುಹಾಕುವ ಹಾಗೆ ಹಿಡಿಯುತ್ತಿತ್ತು. ಆದರೂ ಮೊದಲ ನಾಲ್ಕು ಸಾಲು ಕುಂಟಿಕೊಂಡು ಬರಹತ್ತಿತು.

ಕೊನೆಯ ಅಂಕಿ ಬರೆದಾಯಿತು. ಅಕ್ಕ ಇನ್ನೂ ಬಂದಿರಲಿಲ್ಲ. ಭಾವ ಅಂಗಿ ಸರಿಮಾಡಿಕೊಂಡು ಕುಳಿತರು. ನಾನು ಒತ್ತಿದೆ.

ಹಾಡು ಶುರುವಾಯಿತು, ಹಾಡಲ್ಲ ಅದು. ಅಲ್ಲೊಂದು ಇಲ್ಲೊಂದು ಪರಿಚಯದ ಸ್ವರ ಬರುತ್ತಿತ್ತು, ಅದರ ಬೆನ್ನಿಗೇ ಇನ್ನೊಂದು ಅದರ ಕಾಲು ತುಳಿಯುತ್ತಿತ್ತು. ಕಾಯುವ ಜಾಗದಲ್ಲಿ ಗುಂಯ್ ಎನ್ನಬೇಕಾದದ್ದು ಗೊಣಗಿತು. ನಾನು ಎಲ್ಲೋ ತಪ್ಪು ಒತ್ತಿರಬೇಕು ಎಂದೆ. ಭಾವ ಒಂದೊಂದೇ ಅಂಕಿಯನ್ನು ಗಿಟಾರಿನ ಮೇಲೆ ಒತ್ತಿ ನೋಡಿದರು. ಎಲ್ಲವೂ ಸರಿ. ಕಾಯುವ ಜಾಗವೊಂದನ್ನು ಬಿಟ್ಟು ಅದೇ ಅಂಕಿಗಳನ್ನು ಎರಡನೆಯ ಆ್ಯಪಿನಲ್ಲಿ ಹಾಕಿದೆ. ಅಲ್ಲಿಯೂ ಅದೇ ಅವತಾರ.

"ಎರಡೂ ಕೆಟ್ಟಿರಬಹುದು ಭಾವ. ನಾಲ್ಕನೇದು ನೋಡ್ತೀನಿ."

"ಬೇಡ ಬಿಡು." ಅವರು ಗಿಟಾರನ್ನು ಗೋಡೆಗೆ ಒರಗಿಸಿದರು. "ಮಿಷಿನ್ನಿಗೆ ನಾನು ಯಾರು, ಅವಳು ಯಾರು ಗೊತ್ತಿಲ್ಲ. ದಾಕ್ಷಿಣ್ಯ ಇಲ್ಲ. ಇರೋದನ್ನ ಇರೋ ಹಾಗೆ ನುಡಿಸ್ತು. ಹಾಡು ಇರೋದೇ ಹೀಗೆ ಅಂತ ಕಾಣುತ್ತೆ. ಇಷ್ಟು ದಿನ ನನ್ನ ಪ್ರೀತಿ ಅದಕ್ಕೆ ಬಣ್ಣ ಬಳೀತಿತ್ತು."

"ಹಾಗೆಲ್ಲ ಇಲ್ಲ."

"ಪಾಪ, ಅವಳು ದಿನಾ ಸಹಿಸಿಕೊಂಡಿದ್ದಾಳೆ. ಒಂದು ಒಳ್ಳೇ ಮಾತು ಯಾಕೆ ಆಡಿಲ್ಲ ಅಂತ ಈಗ ತಿಳೀತು."

ಆ ಸಂಜೆ ಲಿಫ್ಟ್ ನಿಂತಿತು, ಬಾಗಿಲು ತೆರೆಯಿತು, ಗಿಟಾರ್ ಗೋಡೆಗೇ ಒರಗಿತ್ತು. ಅಕ್ಕ ಒಳಗೆ ಬಂದು ಒಂದು ಕ್ಷಣ ಚೀಲವನ್ನು ಹೆಗಲ ಮೇಲೇ ಇಟ್ಟುಕೊಂಡು ನಿಂತಳು. ಆಮೇಲೆ ಅದನ್ನು ಹೊತ್ತುಕೊಂಡೇ ಅಡುಗೆಮನೆಗೆ ಹೋದಳು. ಮರುದಿನವೂ ಹಾಗೇ. ಅದರ ಮರುದಿನ ನನ್ನನ್ನು ಕೇಳಿದಳು, "ಇವರಿಗೆ ಬೆರಳು ತುಂಬ ನೋಯುತ್ತಾ? ನನ್ನ ಹತ್ರ ಹೇಳ್ತಿಲ್ಲ." ಆ್ಯಪ್ ಆರಿಸುತ್ತೇನೆಂದು ಹೊರಟು ಮನೆಯ ಸಂಜೆಯನ್ನೇ ಅಳಿಸಿಹಾಕಿದ್ದೆ. ಬೆಳಗಿನ ಶ್ರುತಿಯೊಂದು ಮಾತ್ರ ನಿಂತಿರಲಿಲ್ಲ. ಸಂಜೆ ಮುಟ್ಟದ ಗಿಟಾರನ್ನು ಬೆಳಿಗ್ಗೆ ಶ್ರುತಿ ಮಾಡಿ ಇಡುತ್ತಿದ್ದರು, ಊಟಕ್ಕೆ ಬಾರದವರಿಗೆ ತಟ್ಟೆ ತೊಳೆದಿಟ್ಟ ಹಾಗೆ.

ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಟ್ಯಾಬ್ಲೆಟ್ ತೆಗೆದು ಕುಳಿತೆ. ತರಕಾರಿ ಕತ್ತರಿಸಲೆಂದೇ ತೆಗೆದದ್ದು. ಕೈ ತಪ್ಪಿ ಮೂರನೆಯ ಆ್ಯಪ್ ತೆರೆದುಕೊಂಡಿತು. ಸುಮ್ಮನೆ ಮೊದಲ ಗೆರೆಯ ಮೇಲೆ ಸೊನ್ನೆ ಒತ್ತಿದೆ. ಟೊಂಯ್ ಎಂದಿತು. ನನಗೇ ಗೊತ್ತಿಲ್ಲದೆ ಕಣ್ಣು ಮುಚ್ಚಿಕೊಂಡಿತು, ಬೆಳಗಿನ ಅಭ್ಯಾಸ. ಎರಡನೆಯ ಗೆರೆ, ಸೊನ್ನೆ. ಸರಿ. ಮೂರನೆಯದು ಒತ್ತಿದೆ, ಕಣ್ಣು ತೆರೆದೆ. ನನ್ನ ಪ್ರಾರ್ಥನೆಯ ಆ ಜಾಗದಲ್ಲಿ ಬರುವ ಸದ್ದು ಅದಲ್ಲ. ಭಾವನದು ಸ್ವಲ್ಪ ಕೆಳಗಿರುತ್ತದೆ, ಸ್ವಲ್ಪ ಮೆತ್ತಗೆ. ನಾಲ್ಕು, ಐದು ಸರಿಯಿದ್ದವು. ಆರನೆಯ ದಪ್ಪ ತಂತಿಯಲ್ಲಂತೂ ವ್ಯತ್ಯಾಸ ಎದ್ದು ಕೇಳುತ್ತಿತ್ತು. ಭಾವನದು ಎಷ್ಟೋ ಆಳದಲ್ಲಿರುತ್ತದೆ, ಮೋಟಾರ್ ಕೋಣೆಯಷ್ಟು ಆಳದಲ್ಲಿ.

ಮೊದಲು ನಾನು ತೀರ್ಮಾನಿಸಿದ್ದು ಟ್ಯಾಬ್ಲೆಟ್ಟಿಗೆ ವಯಸ್ಸಾಗಿದೆ ಎಂದು. ಆಮೇಲೆ ಎರಡನೆಯ ಆ್ಯಪಿನಲ್ಲಿ ಒತ್ತಿದೆ. ಅದೂ ಅದನ್ನೇ ಹೇಳಿತು. ಆಗ ಆ ಗಿಟಾರಿನವನ ಮುಖ ನೆನಪಾಯಿತು. ಬೀಗ ತೆಗೆಯಲಾಗದೆ ನಿಂತವನ ಮುಖ. ಅವನ ಗಿಟಾರಿನ ಕೊರಳನ್ನು ಭಕ್ತಿಯಿಂದ ಹಿಡಿದುಕೊಂಡಿದ್ದ ನನ್ನ ಎರಡು ಕೈ ನೆನಪಾದವು. ಕೌಂಟರಿನ ಹಿಂದೆ ಒಬ್ಬಳೇ ಕುಳಿತು ಕಿವಿಯವರೆಗೂ ಬಿಸಿಯಾದೆ.

ಪ್ರಪಂಚದ ಗಿಟಾರುಗಳೆಲ್ಲ ಒಂದು ಶ್ರುತಿಯಲ್ಲಿದ್ದವು, ನಮ್ಮದೊಂದು ಬೇರೆ ಶ್ರುತಿಯಲ್ಲಿತ್ತು. ಅಂಕಿ ಬೆರಳು ಎಲ್ಲಿ ಎಂದು ಹೇಳುತ್ತದೆಯೇ ಹೊರತು ಸದ್ದು ಯಾವುದೆಂದು ಹೇಳುವುದಿಲ್ಲ. ಆ್ಯಪ್ ತನಗೆ ಗೊತ್ತಿದ್ದ ತಂತಿಗಳ ಮೇಲೆ ಭಾವನ ಬೆರಳುಗಳನ್ನಿಟ್ಟು ನುಡಿಸಿತ್ತು. ಹಾಡು ಕೆಟ್ಟದ್ದಾಗಿರಲಿಲ್ಲ.

ಹೇಳಬೇಕಾದದ್ದು ನಾನು. ಹಾಡು ಉಳಿಯಬೇಕಾದರೆ ಭಾವನ ಕಿವಿಯ ಮರ್ಯಾದೆ ಹೋಗಬೇಕು. ಧೈರ್ಯ ಕೊಡು ಎಂದು ದೇವರನ್ನು ಕೇಳಿದೆ. ಅವನು ಸುಮ್ಮನಿದ್ದ. ಅವನಿಗೂ ಇಷ್ಟು ವರ್ಷ ಆ ಶ್ರುತಿಯನ್ನೇ ಕೇಳಿ ಅಭ್ಯಾಸವಾಗಿತ್ತೋ ಏನೋ.

ಮರುದಿನ ಬೆಳಿಗ್ಗೆ ಪ್ರಾರ್ಥನೆ ಬಿಟ್ಟು ಭಾವನ ಎದುರಿಗೆ ಟ್ಯಾಬ್ಲೆಟ್ ಹಿಡಿದು ಕುಳಿತೆ. ಅವರು ಮೀಟಿದ ಹಾಗೆ ನಾನೂ ಒಂದೊಂದೇ ಸೊನ್ನೆ ಒತ್ತಿದೆ. ಮೂರನೆಯದಕ್ಕೆ ಅವರ ಕೈ ನಿಂತಿತು.

"ಅದು ತಪ್ಪು."

"ಇನ್ನೊಂದು ಆ್ಯಪೂ ಹೀಗೇ ಹೇಳುತ್ತೆ ಭಾವ."

"ಎರಡೂ ತಪ್ಪು."

"ಆ ಕೂಟಕ್ಕೆ ಬಂದಿದ್ದನಲ್ಲ, ಅವನ ಗಿಟಾರೂ ಮೊದಲು ಹೀಗೇ ಇತ್ತು."

"ಅವನದೂ..." ಎಂದವರು ನಿಲ್ಲಿಸಿದರು. ದಪ್ಪ ತಂತಿಯನ್ನು ಒಂದು ಸಲ ಮೀಟಿ, ಅದರ ಸದ್ದು ಪೂರ್ತಿ ಅಡಗುವವರೆಗೂ ಕೇಳಿದರು. ಲಿಫ್ಟಿನಲ್ಲಿ ನಿಂತಾಗ ಮುಚ್ಚುವ ಹಾಗೆ ಕಣ್ಣು ಮುಚ್ಚಿದ್ದರು. ಬೈಯುತ್ತಾರೋ, ಎದ್ದು ಹೋಗುತ್ತಾರೋ ಎಂದು ನಾನು ಸೆರಗಿನ ತುದಿ ತಿರುಚುತ್ತಾ ಕುಳಿತಿದ್ದೆ.

ಅಕ್ಕ ಟೀ ತಂದಳು. "ಏನಾಯ್ತು? ಇಬ್ಬರ ಮುಖಾನೂ ಹೀಗಿದೆ?"

"ಏನಿಲ್ಲ" ಅಂದರು ಭಾವ. "ಇಡೀ ಪ್ರಪಂಚದಲ್ಲಿ ಶ್ರುತಿ ಇಲ್ಲದಿರೋದು ನಂದೊಂದೇ ಗಿಟಾರಂತೆ. ಊರಿನವರ ಗಿಟಾರೆಲ್ಲ ಕೆಡಿಸಿಕೊಂಡು ಬಂದಿದ್ದೀನಿ. ಇವಳು ಹಿಡ್ಕೊಂಡಿದ್ದಳು."

"ಅದಕ್ಕೇನೀಗ? ಟೀ ಆರುತ್ತೆ."

ಭಾವನ ಹೊಟ್ಟೆ ಅಲುಗತೊಡಗಿತು. ಸದ್ದಿಲ್ಲದ ನಗು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಆಮೇಲೆ ಟೀ ಲೋಟ ಹಿಡಿದು, ಅಕ್ಕ ಒಳಗೆ ಹೋದಳೇ ಎಂದು ನೋಡಿ, ತಗ್ಗಿದ ದನಿಯಲ್ಲಿ ನನ್ನನ್ನು ಕೇಳಿದರು, "ಹಾಗಾದ್ರೆ ಹಾಡು ಕೆಟ್ಟದಲ್ಲ?"

"ಅಲ್ಲ ಭಾವ. ಈ ಆ್ಯಪಿಗೆ ನಮ್ಮ ತಂತಿ ಹೇಗಿದೆ ಅಂತ ಹೇಳಬೇಕು ಅಷ್ಟೆ."

"ಹೇಳು ಮತ್ತೆ."

ಹೇಳಲು ಹೋಗಿ ನಾನು ಆ್ಯಪಿನ ಭಾಷೆಯನ್ನೇ ಬದಲಿಸಿಬಿಟ್ಟೆ. ನಮ್ಮ ಮೂವರಲ್ಲಿ ಯಾರೂ ಕಂಡರಿಯದ ಲಿಪಿ ಬಂತು. ಹಾಗಾಗಿ ಅಕ್ಕನಿಗೆ ರಜೆಯಿದ್ದ ದಿನ ಗಿಟಾರನ್ನೂ ಟ್ಯಾಬ್ಲೆಟ್ಟನ್ನೂ ಎತ್ತಿಕೊಂಡು, ಭಾವ ತಂತಿ ಕೊಳ್ಳುವ ವಾದ್ಯದ ಅಂಗಡಿಗೆ ಹೊರಟೆವು. ಅಕ್ಕನೂ ಬಂದಳು. "ನೀವಿಬ್ಬರೇ ಹೋದ್ರೆ ಇನ್ನೊಬ್ಬರ ಗಿಟಾರ್ ಕೆಡಿಸಿ ಬರ್ತೀರಿ" ಎಂಬುದು ಅವಳು ಕೊಟ್ಟ ಕಾರಣ.

ಇಕ್ಕಟ್ಟಾದ ಅಂಗಡಿ. ನಮ್ಮಲ್ಲಿ ಕೋಟುಗಳು ತೂಗುವ ಹಾಗೆ ಅಲ್ಲಿ ಗಿಟಾರುಗಳು ತೂಗುತ್ತಿದ್ದವು. ಅಂಗಡಿಯವರು ದಪ್ಪಗಿನ, ನಿಧಾನದ ಮನುಷ್ಯ. ಭಾವ ನಡೆದದ್ದೆಲ್ಲ ತಾವೇ ಹೇಳಿದರು, ಒಂದನ್ನೂ ಮುಚ್ಚಿಡದೆ, ಕೂಟದ ಕಥೆಯನ್ನೂ ಸೇರಿಸಿ.

ಅಂಗಡಿಯವರು ಗಿಟಾರನ್ನು ಮೀಟಿ, ತಲೆ ಓರೆ ಮಾಡಿ ಕೇಳಿದರು. "ಇಷ್ಟು ವರ್ಷದಿಂದ ತಂತಿ ತಗೊಂಡು ಹೋಗ್ತೀರಿ ಯಜಮಾನ್ರೆ, ಒಂದಿನವೂ ಇಲ್ಲಿ ಹಾಕಿಸಿಕೊಂಡಿಲ್ಲ. ನನ್ನ ಕೈ ಮೇಲೆ ನಂಬಿಕೆ ಇಲ್ಲವೇನೋ ಅಂದುಕೊಂಡಿದ್ದೆ."

"ಇರಲಿಲ್ಲ" ಅಂದರು ಭಾವ.

ಅಂಗಡಿಯವರು ನಕ್ಕು ಟ್ಯಾಬ್ಲೆಟ್ ತೆಗೆದುಕೊಂಡು ಮೊದಲು ಭಾಷೆ ಸರಿಮಾಡಿದರು. ಮೂಲೆಯಲ್ಲಿ ಬಿರಡೆಯ ಸಣ್ಣ ಚಿತ್ರವೊಂದಿತ್ತು. ನಾನದನ್ನು ಬೀಗದ ಕೈ ಎಂದು ತಿಳಿದು, ಏನೋ ಲಾಕ್ ಆದೀತು ಎಂದು ಹೆದರಿ ಒಂದು ದಿನವೂ ಮುಟ್ಟಿರಲಿಲ್ಲ. ಅದನ್ನು ಒತ್ತಿದರೆ ಆರು ತಂತಿಗಳೂ ಸಾಲಾಗಿ ನಿಂತವು, ಒಂದೊಂದನ್ನೂ ಬೇಕಾದಷ್ಟು ಏರಿಸಬಹುದು, ಇಳಿಸಬಹುದು. "ಇದು ಒಳ್ಳೇ ಆ್ಯಪು. ಎಷ್ಟೋ ಆ್ಯಪಲ್ಲಿ ಇದು ಇರಲ್ಲ. ಯಾರು ಆರಿಸಿದ್ದು?" ಎಂದರು. ಅಕ್ಕ ನನ್ನನ್ನು ತೋರಿಸಿದಳು. ನಾನು ಸುಮ್ಮನೆ ನಿಂತೆ, ಎಲ್ಲ ನೋಡಿಯೇ ಆರಿಸಿದವಳ ಹಾಗೆ.

ಅವರು ಭಾವನ ಗಿಟಾರ್ ಕೇಳಿ ಕೇಳಿ ಮೂರನೆಯದನ್ನೂ ಆರನೆಯದನ್ನೂ ಇಳಿಸಿದರು. ಆಮೇಲೆ ನುಡಿಸಲು ಬಿಟ್ಟರು.

ಈ ಸಲ ಅದು ಬಂತು. ಸ್ವಲ್ಪ ಬಿಗಿಯಾಗಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟವರ ಹಾಗೆ, ಆದರೆ ಅದೇ. ಭಾವ ನೆಲ ನೋಡುತ್ತಿದ್ದರು. ಹಾಡು ಕಾಯುವ ಜಾಗಕ್ಕೆ ಬಂದು ದಪ್ಪ ತಂತಿಯ ಗುಂಯ್ ಶುರುವಾದಾಗ ಅಕ್ಕ ಹೆಗಲಿನ ಚೀಲ ಇಳಿಸಿ ನೆಲಕ್ಕಿಟ್ಟಳು. ಇಟ್ಟ ಮೇಲೆ ಅವಳಿಗೇ ಗೊತ್ತಾಗಿರಬೇಕು. ಅತ್ತಿತ್ತ ನೋಡಿ, ಇಡಲು ಬೇರೆ ಕಾರಣವಿತ್ತೆಂಬಂತೆ ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಹಾಡು ಮುಗಿಯುವವರೆಗೂ ಏಳಲಿಲ್ಲ. ಭಾವ ಅದನ್ನು ನೋಡಿದರು.

ಅಂಗಡಿಯವರಿಗೂ ಹಾಡು ಹಿಡಿಸಿತು. "ಒಂದು ಕೆಲಸ ಮಾಡ್ತೀನಿ ಯಜಮಾನ್ರೆ. ಇದನ್ನ ಎಲ್ಲರ ಶ್ರುತಿಗೆ ಹೊಂದಿಸಿ ನಾನೇ ಬರೆದುಕೊಡ್ತೀನಿ. ನನಗೇನೂ ಕೊಡಬೇಡಿ. ಇಲ್ಲಿ ಕಲಿಯೋಕೆ ಬರೋರೆಲ್ಲ ನುಡಿಸಬಹುದು. ನಿಮ್ಮ ಗಿಟಾರನ್ನೂ ಈಗಲೇ ಸರಿಮಾಡಿ ಕೊಟ್ಟುಬಿಡ್ತೀನಿ, ನಿಮಿಷದ ಕೆಲಸ."

ಭಾವ ಯೋಚಿಸಿದರು. ಹತ್ತು ಜನ ನುಡಿಸುತ್ತಾರೆಂದರೆ ಆಸೆಯಾಗದಿರುತ್ತದೆಯೇ? "ಹಾಗೆ ಬರೆದ್ರೆ ಹಾಡು ಪೂರ್ತಿ ಹೀಗೇ ಇರುತ್ತಾ?"

"ಹೆಚ್ಚುಕಮ್ಮಿ ಹೀಗೇ. ಆ ಮಧ್ಯೆ ಒಂದು ಕಡೆ ನಿಲ್ಲುತ್ತಲ್ಲ, ಅಲ್ಲಿ ಬರೋ ದಪ್ಪ ಸದ್ದು ಮಾತ್ರ ಸಿಗಲ್ಲ. ಎಲ್ಲರ ಗಿಟಾರು ಅಷ್ಟು ಕೆಳಗೆ ಹೋಗಲ್ಲ. ಅದರ ಬದಲು ಬೇರೆ ಏನಾದ್ರೂ ಹಾಕೋಣ."

ಭಾವ ಅಕ್ಕನ ಚೀಲವನ್ನು ನೆಲದಿಂದ ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು.

"ಬೇಡ ಬಿಡಿ" ಅಂದರು. "ತಪ್ಪು ತಿಳಿಯಬೇಡಿ. ಅದು ಹಾಗೇ ಇರಲಿ."

"ಹಾಗೇ ಬಿಟ್ರೆ ಅದನ್ನ ನುಡಿಸೋರು ಯಾರು ಯಜಮಾನ್ರೆ? ಆ ಶ್ರುತಿ ಬೇರೆ ಯಾರಿಗೆ ಗೊತ್ತಿದೆ?"

ಭಾವ ಗಿಟಾರನ್ನು ಅದರ ಚೀಲಕ್ಕೆ ಸೇರಿಸಿ, ನನ್ನ ಕೈಗೆ ಕೊಟ್ಟರು. ನಾನದನ್ನು ಹ್ಯಾಂಗರ್ ಹಿಡಿದ ಹಾಗೆ ಹಿಡಿದುಕೊಂಡೆ.

"ಇವಳಿದ್ದಾಳಲ್ಲ" ಅಂದರು. "ಇವಳಿಗೆ ಬೇರೆ ಶ್ರುತಿ ಗೊತ್ತೇ ಇಲ್ಲ."